ಅಂಬಾಸಿಡರ್ ಹಿಂದಿನ ಪಟ್ಟಿ (ಲೀಫ್ ಸ್ಪ್ರಿಂಗ್) ಕಟ್ ಆಗಿದೆ: ವೆಲ್ಡ್ ಮಾಡಿಸಲಾ, ಹೊಸದು ಹಾಕಿಸಲಾ?

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕು. ಅಪ್ಪ ತೆಗೆದುಕೊಂಡಿದ್ದ 1996ರ ಅಂಬಾಸಿಡರ್ ಡೀಸೆಲ್ ಗಾಡಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಕಳೆದ ವಾರ ಡಿಕ್ಕಿಯಲ್ಲಿ 25 ಕೆಜಿಯ ಆರು ಚೀಲ ಅಕ್ಕಿ ಹಾಕಿಕೊಂಡು ಮೇಲುಕೋಟೆಗೆ ಹೊರಟಿದ್ದೆ. ಒಂದು ಹಂಪ್ ಇಳಿಯುವಾಗ ಹಿಂದೆ 'ಟಣ್' ಅಂತ ಸದ್ದಾಯಿತು. ಎಡಗಡೆ ಹಿಂಭಾಗ ಕೂತುಬಿಟ್ಟಿತು. ನಿಧಾನವಾಗಿ ಮನೆಗೆ ವಾಪಸ್ ತಂದೆ. ದಾರಿಯುದ್ದಕ್ಕೂ ಬ್ರೇಕ್ ಹಿಡಿದರೆ ಬಲಕ್ಕೆ, ಆಕ್ಸಿಲರೇಟರ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಊರಿನ ಮೆಕ್ಯಾನಿಕ್ ಎಡಗಡೆಯ ಪಟ್ಟಿ ಸೆಟ್ ಇಳಿಸಿ ನೋಡಿದಾಗ ಎಲ್ಲಕ್ಕಿಂತ ಮೇಲಿನ ಉದ್ದನೆಯ ಮೇನ್ ಪಟ್ಟಿ ನಡುವಿನ ತೂತಿನಲ್ಲೇ ಎರಡು ತುಂಡಾಗಿತ್ತು. ಫೋಟೋ ಕಳಿಸಿದ್ದೇನೆ. ವೆಲ್ಡ್ ಮಾಡಿಸಿದರೆ ಸಾಕು ಅಂತ ಅವರು ಹೇಳುತ್ತಾರೆ. ಇನ್ನೊಬ್ಬರು ಹಳೆ ಲಾರಿ ಪಟ್ಟಿ ಕತ್ತರಿಸಿ ಒಂದು ಜಾಸ್ತಿ ಹಾಕೋಣ, ಜನ್ಮದಲ್ಲಿ ಕಟ್ ಆಗಲ್ಲ ಅನ್ನುತ್ತಾರೆ. ಮೂರನೆಯವರು ಎರಡೂ ಕಡೆ ಪೂರ್ತಿ ಸೆಟ್ ಬದಲಾಯಿಸಿ ಅಂತಾರೆ. ಯಾವುದು ಸರಿ? ಟ್ರ್ಯಾಕ್ಟರ್ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ, ಇದನ್ನೂ ಮಾಡಬಹುದಾ? ಗಾಡಿ ಈಗ ಶೆಡ್ಡಿನಲ್ಲಿ ಸೈಜುಗಲ್ಲಿನ ಮೇಲೆ ನಿಂತಿದೆ. ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬಂದಿದೆ.

ಉತ್ತರ: ಪಟ್ಟಿ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಗಾಡಿಯನ್ನು ಆ ಸೈಜುಗಲ್ಲಿನ ಮೇಲಿಂದ ಇಳಿಸಿ. ಕಲ್ಲು ಭಾರ ಹೊರುತ್ತದೆ, ಅದರಲ್ಲಿ ಅನುಮಾನ ಇಲ್ಲ, ಮನೆಯನ್ನೇ ಹೊರುತ್ತದೆ. ಆದರೆ ಪಕ್ಕದಿಂದ ಏಟು ಬಿದ್ದರೆ ಕಲ್ಲಿನ ಮೇಲಿನ ಕಲ್ಲು ಜಾರುತ್ತದೆ. ಪಟ್ಟಿ ಕೆಲಸದಲ್ಲಿ ಅರ್ಧ ದಿನ ಸುತ್ತಿಗೆ ಏಟೇ. ಒಂದು ಟನ್ನಿಗೂ ಮೀರಿದ ಗಾಡಿ ಸ್ವಾಮಿ, ಕೆಳಗೆ ನೀವು ಮಲಗಿರುತ್ತೀರಿ. ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಎರಡು ಬಾಡಿಗೆಗೋ ಎರವಲಿಗೋ ತಂದು ಚಾಸಿ ಕೆಳಗೆ ಕೊಡಿ. ಶೆಡ್ಡಿನ ನೆಲ ಮಣ್ಣಿನದಾದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಇಡಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಿ. ಹ್ಯಾಂಡ್ ಬ್ರೇಕ್ ಹಾಕಿದ್ದೇನಲ್ಲ ಅಂತ ಸುಮ್ಮನಿರಬೇಡಿ. ಅದು ಹಿಡಿಯುವುದು ಹಿಂದಿನ ಚಕ್ರವನ್ನು. ಹಿಂದಿನ ಚಕ್ರ ಮೇಲೆತ್ತಿದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ಫೋಟೋಗೆ ಬರುತ್ತೇನೆ. ನಿಮ್ಮ ಮೂವರು ಸಲಹೆಗಾರರಲ್ಲಿ ಯಾರೂ ಆ ಮುರಿದ ಮುಖವನ್ನು ತಿರುಗಿಸಿ ನೋಡಿದ ಹಾಗೆ ಕಾಣುವುದಿಲ್ಲ. ಅದನ್ನು ಬಿಸಿಲಿಗೆ ಹಿಡಿದು ನೋಡಿ. ತೂತಿನ ಒಂದು ಪಕ್ಕದಲ್ಲಿ ಉಗುರಿನ ಆಕಾರದ ಒಂದು ಜಾಗ ಕಪ್ಪಗೆ, ಕಂದು ಬಣ್ಣಕ್ಕೆ ತಿರುಗಿ ನುಣುಪಾಗಿದೆ. ಉಳಿದ ಭಾಗ ಬೂದು ಬಣ್ಣಕ್ಕೆ, ಸಕ್ಕರೆ ಹರಳಿನ ಹಾಗೆ ಮಿನುಗುತ್ತಿದೆ. ಮಿನುಗುವ ಭಾಗ ಹಂಪ್ ಮೇಲೆ ಆ ದಿನ ಮುರಿದದ್ದು. ಕಪ್ಪಾದ ಭಾಗ ಎಷ್ಟೋ ತಿಂಗಳ ಹಿಂದೆಯೇ ಬಿರುಕು ಬಿಟ್ಟು, ಮಳೆ ನೀರು ಕುಡಿದು ತುಕ್ಕು ಹಿಡಿದದ್ದು. ಅಂದರೆ ಅಪ್ಪನ ಗಾಡಿ ಬಹಳ ದಿನದಿಂದ ಮುಕ್ಕಾಲು ಪಟ್ಟಿಯ ಮೇಲೆ ಓಡಾಡುತ್ತಿತ್ತು.

ಹಾಗಾಗಿ ಅಕ್ಕಿಯ ಮೇಲೆ ತಪ್ಪು ಹೊರಿಸಬೇಡಿ. ಆರು ಚೀಲ ಅಂದರೆ 150 ಕೆಜಿ. ಇಬ್ಬರು ದಪ್ಪ ಮನುಷ್ಯರ ತೂಕ, ಅಷ್ಟೇ. ಡಿಕ್ಕಿ ಆಕ್ಸಲ್‌ಗಿಂತ, ಅಂದರೆ ಹಿಂದಿನ ಚಕ್ರಗಳ ಅಚ್ಚಿಗಿಂತ, ಹಿಂದೆ ಇರುವುದರಿಂದ ಸ್ವಲ್ಪ ಜಾಸ್ತಿ ಭಾರ ಬೀಳುತ್ತದೆ ನಿಜ. ಆದರೂ ಮದುವೆ ಸೀಸನ್ನಿನಲ್ಲಿ ಅಂಬಾಸಿಡರ್ ಹೊತ್ತ ಜನ ಎಷ್ಟು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಇನ್ನು ತೂತಿನಲ್ಲೇ ಯಾಕೆ ಮುರಿಯಿತು? ಪಟ್ಟಿ ಮುರಿದ ಜಾಗವೇ ಕಾರಣ ಹೇಳುತ್ತದೆ. ತುದಿಯ ಸುರುಳಿಯಲ್ಲಿ, ಅಂದರೆ ರಬ್ಬರ್ ಬುಷ್ ಕೂರುವ ಕಡೆ ಮುರಿದಿದ್ದರೆ ಬುಷ್ ಅಥವಾ ಶ್ಯಾಕಲ್ (ಪಟ್ಟಿಯ ಹಿಂದಿನ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಬಿಗಿದುಕೊಂಡಿದೆ ಅಂತ ಅನುಮಾನ ಪಡುತ್ತೇನೆ. ಸುರುಳಿಗೂ ನಡುವಿಗೂ ಮಧ್ಯೆ, ಕೆಳಗಿನ ಪಟ್ಟಿಯ ತುದಿ ತಾಗುವ ಜಾಗದಲ್ಲಿ ಮುರಿದಿದ್ದರೆ ತುಕ್ಕು, ಉಜ್ಜಾಟ, ಜಾಸ್ತಿ ಲೋಡು. ನಡುವಿನ ತೂತಿನಲ್ಲಿ ಮುರಿದಿದ್ದರೆ ಮಾತ್ರ ಕಣ್ಣು ನೇರ ಯು ಬೋಲ್ಟ್ ಮೇಲೆ ಹೋಗಬೇಕು.

ಪಟ್ಟಿ ಸೆಟ್ಟಿನ ನಡುವೆ ಎರಡು ಯು ಬೋಲ್ಟ್ ಇವೆಯಲ್ಲ, ಅವು ಆಕ್ಸಲ್ಲನ್ನೂ ಪಟ್ಟಿಗಳನ್ನೂ ಒಂದೇ ಗಂಟಿಗೆ ಬಿಗಿದು ಹಿಡಿದಿರುತ್ತವೆ. ಬಿಗಿ ಸರಿಯಾಗಿದ್ದರೆ ಎರಡು ಯು ಬೋಲ್ಟುಗಳ ನಡುವಿನ ಭಾಗ ಬಗ್ಗುವುದೇ ಇಲ್ಲ. ಕಲ್ಲಿನ ಹಾಗೆ ಸುಮ್ಮನೆ ಕೂತಿರುತ್ತದೆ. ಬಗ್ಗಾಟವೆಲ್ಲ ಅದರ ಆಚೆಗೆ. ಅದಕ್ಕೇ ಅಲ್ಲಿ ತೂತು ಕೊರೆದರೂ ತೊಂದರೆಯಿಲ್ಲ ಅಂತ ಲೆಕ್ಕ ಹಾಕಿ, ಪಟ್ಟಿಗಳನ್ನೆಲ್ಲ ಒಟ್ಟಿಗೆ ಪೋಣಿಸುವ ಸೆಂಟರ್ ಬೋಲ್ಟಿಗೆ ಅಲ್ಲಿ ಜಾಗ ಕೊಟ್ಟಿರುತ್ತಾರೆ. ಯು ಬೋಲ್ಟ್ ನಟ್ಟು ಒಂದೆರಡು ಸುತ್ತು ಸಡಿಲವಾದರೆ ಸಾಕು, ಆ ಜಾಗವೂ ಬಗ್ಗಲು ಶುರುವಾಗುತ್ತದೆ. ತೂತಿದ್ದ ಕಡೆ ಲೋಹ ಕಡಿಮೆ, ಅದರ ಅಂಚಿನಲ್ಲೇ ಒತ್ತಡ ಬಂದು ಸೇರುತ್ತದೆ. ಪ್ರತಿ ಹಂಪಿಗೂ ಪ್ರತಿ ಗುಂಡಿಗೂ ಒಂದು ಸಲ ಬಗ್ಗಿ ಏಳುತ್ತದೆ. ಕೈಯಲ್ಲಿ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದಿಲ್ಲವೇ, ಅದೇ ಕೆಲಸ. ತಂತಿ ಹತ್ತು ಸಲಕ್ಕೆ ಹೋಗುತ್ತದೆ, ಪಟ್ಟಿ ಲಕ್ಷ ಸಲ ತಡೆಯುತ್ತದೆ.

ನನ್ನ ಪ್ರಕಾರ ನಿಮ್ಮ ಗಾಡಿಯಲ್ಲಿ ಆಗಿರುವುದು ಇದೇ. ಹಾಗಾದರೆ ಚಿನ್ನದಂಥ ಹೊಸ ಪಟ್ಟಿ ತಂದು ಅದೇ ಹಳೆ ಯು ಬೋಲ್ಟಿನಲ್ಲಿ ಬಿಗಿದರೆ ಏನಾಗುತ್ತದೆ, ನೀವೇ ಹೇಳಿ.

ಗಾಡಿ ಬಲಕ್ಕೂ ಎಡಕ್ಕೂ ಎಳೆದಾಡಿದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ನೀವು ಬರೆದ ಇಡೀ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ವಾಕ್ಯ ಅದು. ಅಂಬಾಸಿಡರ್ ಥರದ ಗಾಡಿಯಲ್ಲಿ ಪಟ್ಟಿ ಭಾರ ಹೊರುವುದಕ್ಕೆ ಮಾತ್ರ ಅಂದುಕೊಳ್ಳುತ್ತಾರೆ ಜನ. ಹಿಂದಿನ ಆಕ್ಸಲ್ಲನ್ನು ಗಾಡಿಗೆ ಕಟ್ಟಿ ಹಾಕಿರುವುದೂ ಅದೇ ಪಟ್ಟಿ. ಬೇರೆ ರಾಡು ಗೀಡು ಏನೂ ಇಲ್ಲ. ಪಟ್ಟಿಯ ಮುಂದಿನ ತುದಿ ಪಿನ್ನಿನಿಂದ ಚಾಸಿಗೆ ಕೂತಿರುತ್ತದೆ. ಹಿಂದಿನ ತುದಿ ಶ್ಯಾಕಲ್ಲಿನಲ್ಲಿ ತೂಗಾಡುತ್ತಿರುತ್ತದೆ, ಪಟ್ಟಿ ಬಗ್ಗಿ ಉದ್ದವಾದಾಗ ಜಾಗ ಬೇಕಲ್ಲ ಅದಕ್ಕೆ. ಹಾಗಾಗಿ ಚಕ್ರ ಗಾಡಿಯನ್ನು ತಳ್ಳುವುದು, ಬ್ರೇಕು ಗಾಡಿಯನ್ನು ಹಿಡಿದು ನಿಲ್ಲಿಸುವುದು, ಎಲ್ಲವೂ ಮೇನ್ ಪಟ್ಟಿಯ ಮುಂದಿನ ಅರ್ಧದ ಮೂಲಕವೇ. ಆ ಅರ್ಧ ತುಂಡಾದರೆ ಎಡಗಡೆಯ ಆಕ್ಸಲ್ ತುದಿಗೆ ಲಗಾಮಿಲ್ಲ.

ಎತ್ತಿನ ಗಾಡಿಯ ಅಚ್ಚು ಒಂದು ಪಕ್ಕ ಹಿಂದಕ್ಕೆ ಸರಿದರೆ ಗಾಡಿ ಹೇಗೆ ಓರೆ ಹೋಗುತ್ತದೆ ಅಂತ ನೋಡಿದ್ದೀರಿ. ಇಲ್ಲೂ ಅಷ್ಟೇ. ಬ್ರೇಕ್ ಹಿಡಿದಾಗ ಎಡ ಚಕ್ರ ಹಿಂದಕ್ಕೆ ಜಾರಿತು. ಹಿಂದಿನ ಎರಡೂ ಚಕ್ರ ಎಡಕ್ಕೆ ಮುಖ ಮಾಡಿದವು, ಗಾಡಿಯ ಹಿಂಭಾಗ ಎಡಕ್ಕೆ ಹೋಯಿತು, ಮೂತಿ ಬಲಕ್ಕೆ ತಿರುಗಿತು. ಆಕ್ಸಿಲರೇಟರ್ ಒತ್ತಿದಾಗ ಅದೇ ಚಕ್ರ ಮುಂದಕ್ಕೆ ನುಗ್ಗಿತು, ಮೂತಿ ಎಡಕ್ಕೆ. ಅಂದರೆ ಆ ದಿನ ನಿಮ್ಮ ಗಾಡಿಗೆ ಎರಡು ಸ್ಟಿಯರಿಂಗ್ ಇತ್ತು, ಒಂದು ನಿಮ್ಮ ಕೈಯಲ್ಲಿ, ಇನ್ನೊಂದು ಯಾರ ಕೈಯಲ್ಲೂ ಇಲ್ಲ. ಮೇಲುಕೋಟೆ ಬೆಟ್ಟ ಇಳಿಯುವಾಗ ಹೀಗಾಗಿದ್ದರೆ ಅಂತ ಯೋಚಿಸುವುದಕ್ಕೂ ಮನಸ್ಸು ಬರುವುದಿಲ್ಲ. ಇನ್ನೊಂದು ಸಲ ಹೀಗಾದರೆ ನಿಧಾನವಾಗಿ ಮನೆಗೆ ತರುವ ಸಾಹಸ ಬೇಡ. ಅಲ್ಲೇ ಪಕ್ಕಕ್ಕೆ ಹಾಕಿ, ಟೋಯಿಂಗ್ ಗಾಡಿಯ ಮೇಲೆ ಹತ್ತಿಸಿಕೊಂಡು ಬನ್ನಿ.

ವೆಲ್ಡಿಂಗ್ ವಿಚಾರ. ಬೇಡ. ಯಾಕೆ ಬೇಡ ಅಂತ ನಿಮ್ಮ ಊರಿನ ಕಮ್ಮಾರರನ್ನು ಕೇಳಿದರೂ ಹೇಳುತ್ತಾರೆ. ಮಚ್ಚು, ಕುಡುಗೋಲು ಮಾಡಲು ಅವರು ಹಳೆ ಲಾರಿ ಪಟ್ಟಿಯನ್ನೇ ಹುಡುಕಿ ತರುತ್ತಾರೆ, ಗೇಟಿನ ಕಂಬಿಯನ್ನಲ್ಲ. ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಹೆಚ್ಚುಕಡಿಮೆ ಅರ್ಧ ಪರ್ಸೆಂಟು, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಗೇಟು ಗ್ರಿಲ್ಲಿನ ಕಬ್ಬಿಣದಲ್ಲಿ ಅದರ ಅರ್ಧವೂ ಇರುವುದಿಲ್ಲ. ಆ ಸ್ವಲ್ಪ ಇಂಗಾಲದಿಂದಲೇ ಪಟ್ಟಿಗೆ ಹದ ಹಿಡಿಯುತ್ತದೆ. ಫ್ಯಾಕ್ಟರಿಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನ ಹಾಗೆ ಗಡುಸು. ಮತ್ತೆ ಒಂದು ಮಟ್ಟಕ್ಕೆ ಕಾಯಿಸಿ ಗಡಸುತನ ಇಳಿಸುತ್ತಾರೆ. ಆಗಲೇ ಅದು ಬಗ್ಗಿ ಮತ್ತೆ ಎದ್ದು ನಿಲ್ಲುವ ಪಟ್ಟಿ ಆಗುವುದು.

ವೆಲ್ಡಿಂಗ್ ರಾಡು ಈ ಹದವನ್ನು ಒಂದೇ ನಿಮಿಷದಲ್ಲಿ ಕೆಡಿಸುತ್ತದೆ. ವೆಲ್ಡಿನ ಅಂಚಿನಲ್ಲೇ ಇರುವ ಉಕ್ಕು ಕರಗುವ ಮಟ್ಟಕ್ಕೆ ಕಾದು, ಸುತ್ತಲಿನ ತಣ್ಣನೆ ಲೋಹದಿಂದಾಗಿ ತಟ್ಟನೆ ಆರುತ್ತದೆ. ಅಲ್ಲಿ ಮತ್ತೆ ಗಾಜು. ಅದರಿಂದ ಸ್ವಲ್ಪ ಆಚೆ ಅರೆಬರೆ ಕಾದ ಜಾಗ ಮೆತ್ತಗಾಗುತ್ತದೆ. ಗಾಜಿನ ಪಕ್ಕದಲ್ಲಿ ಮೆತ್ತನೆಯದು. ವೆಲ್ಡು ಎಷ್ಟೇ ಚೆನ್ನಾಗಿ ಕೂತಿರಲಿ, ಮುರಿಯುವುದು ಅದರ ಪಕ್ಕದಲ್ಲಿ.

ನಾನೂ ಒಂದು ಸಲ ಈ ಕೆಲಸ ಮಾಡಿದ್ದೇನೆ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿರುವುದು. ಕೆಲಸ ಕಲಿತ ಹೊಸದು. ಪರಿಚಯದವರ ಪ್ರೀಮಿಯರ್ ಪದ್ಮಿನಿ, ಅದಕ್ಕೂ ಹಿಂದೆ ಪಟ್ಟಿಯೇ. ದುಡ್ಡಿಲ್ಲ, ಹೇಗಾದರೂ ಮಾಡಿಕೊಡಪ್ಪ ಅಂದರು. ನಾನೇ ಮುಂದೆ ನಿಂತು ವೆಲ್ಡ್ ಮಾಡಿಸಿದೆ, ಗ್ರೈಂಡಿಂಗ್ ಹೊಡೆಸಿದೆ, ಕಪ್ಪು ಬಣ್ಣ ಬಳಿದೆ. ನೋಡಲು ಹೊಸ ಪಟ್ಟಿಯೇ. ಹನ್ನೊಂದನೆಯ ದಿನ ನಂಜನಗೂಡು ರಸ್ತೆಯಲ್ಲಿ ಹೋಯಿತು. ವೆಲ್ಡು ಹಾಗೇ ಇತ್ತು, ಅದರಿಂದ ಒಂದು ಬೆರಳು ಆಚೆ ಚಾಕುವಿನಲ್ಲಿ ಕತ್ತರಿಸಿದ ಹಾಗೆ ತುಂಡಾಗಿತ್ತು. ಯಾರಿಗೂ ಏನೂ ಆಗಲಿಲ್ಲ ಅನ್ನುವುದು ಅವರ ಪುಣ್ಯ.

ಲಾರಿ ಪಟ್ಟಿ ಸೇರಿಸುವ ಉಪಾಯಕ್ಕೆ ಮಾರುಹೋಗುವುದು ಸುಲಭ. ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಲಾರಿ, ಟ್ರೈಲರ್ ಎಷ್ಟಿವೆ, ಹಳೆ ಪಟ್ಟಿಗೆ ಬರವಿಲ್ಲ. ಆದರೆ ಒಂದು ಲೆಕ್ಕ ನೋಡಿ. ಪಟ್ಟಿಯ ಬಿಗುವು ಅದರ ದಪ್ಪದ ಜೊತೆ ಸಮಸಮ ಏರುವುದಿಲ್ಲ, ದಪ್ಪವನ್ನು ಮೂರು ಸಲ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. ಅಗಲ, ಉದ್ದ ಒಂದೇ ಇದ್ದು 6 ಮಿ.ಮೀ. ಬದಲು 7 ಮಿ.ಮೀ. ಪಟ್ಟಿ ಹಾಕಿದಿರಿ ಅನ್ನಿ. ಆರು ಆರಲಿ ಆರಲಿ 216, ಏಳು ಏಳಲಿ ಏಳಲಿ 343. ಒಂದೇ ಒಂದು ಮಿಲಿಮೀಟರಿಗೆ ಬಿಗುವು ಒಂದೂವರೆಯಷ್ಟನ್ನೂ ಮೀರಿತು. ದಪ್ಪ ಎರಡರಷ್ಟಾದರೆ ಬಿಗುವು ಎಂಟರಷ್ಟು. ಲಾರಿಯ ಒಂದು ಪಟ್ಟಿ ಸೇರಿಸಿದರೆ 'ಒಂದು ಜಾಸ್ತಿ' ಅಲ್ಲ, ಏಳೆಂಟು ಪಟ್ಟಿ ಒಟ್ಟಿಗೆ ಸೇರಿಸಿದ ಹಾಗೆ.

ಆಮೇಲೆ ಏನಾಗುತ್ತದೆ? ಪಟ್ಟಿ ಕಟ್ ಆಗುವುದಿಲ್ಲ, ಅವರು ಹೇಳಿದ್ದು ನಿಜ. ಏಟು ಮಾತ್ರ ಎಲ್ಲಿಗಾದರೂ ಹೋಗಲೇಬೇಕಲ್ಲ. ಚಾಸಿಯಲ್ಲಿ ಪಟ್ಟಿ ಕೂರುವ ಬ್ರಾಕೆಟ್ಟಿಗೆ, ಶ್ಯಾಕಲ್ಲಿಗೆ, ಇಷ್ಟು ವರ್ಷದ ತುಕ್ಕು ತಿಂದ ತಗಡಿಗೆ ಹೋಗುತ್ತದೆ. ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಚಾಸಿ ಸಿಗುವುದಿಲ್ಲ. ಜೊತೆಗೆ ಲಾರಿ ಪಟ್ಟಿಯನ್ನು ಉದ್ದಕ್ಕೆ ತಕ್ಕಂತೆ ಗ್ಯಾಸ್ ಕಟಿಂಗ್ ಮಾಡುತ್ತಾರೆ, ಸೆಂಟರ್ ಬೋಲ್ಟಿನ ತೂತನ್ನೂ ಎಷ್ಟೋ ಕಡೆ ಗ್ಯಾಸಿನಲ್ಲೇ ಊದುತ್ತಾರೆ. ಆ ಒರಟು ಅಂಚಿನಿಂದಲೇ ಮುಂದಿನ ಬಿರುಕು ಶುರು.

ಮೂರನೆಯವರ ಮಾತು ಸರಿಯ ಹತ್ತಿರ ಇದೆ, ಆದರೆ ಅಷ್ಟೊಂದು ಖರ್ಚು ಬೇಕಾಗದೇ ಇರಬಹುದು. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಎರಡೂ ಕಡೆ ಹೊಸ ಮೇನ್ ಪಟ್ಟಿ, ಎರಡೂ ಕಡೆ ಹೊಸ ಸೆಂಟರ್ ಬೋಲ್ಟು, ನಾಲ್ಕು ಹೊಸ ಯು ಬೋಲ್ಟು ನಟ್ಟು ಸಮೇತ, ಎಲ್ಲ ಬುಷ್ಷು ಹೊಸದು. ಕೆಳಗಿನ ಸಣ್ಣ ಪಟ್ಟಿಗಳನ್ನು ಪರೀಕ್ಷೆ ಮಾಡಿ, ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಳ್ಳುತ್ತಿದ್ದೆ. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಹೊಸ ಪಟ್ಟಿಯ ಕಮಾನು ಜಾಸ್ತಿ ಇರುತ್ತದೆ, ಹಳೆಯದು ಇಷ್ಟು ವರ್ಷದಲ್ಲಿ ಕೂತಿರುತ್ತದೆ, ಗಾಡಿ ಒಂದು ಪಕ್ಕ ಎದ್ದು ನಿಲ್ಲುತ್ತದೆ. ಎಡಗಡೆ ನಟ್ಟು ಸಡಿಲವಾಗಿತ್ತು ಅಂದರೆ ಬಲಗಡೆಯದನ್ನು ಮಾತ್ರ ಯಾರೋ ಬಂದು ಬಿಗಿ ಮಾಡಿ ಹೋಗಿರುತ್ತಾರಾ? ಬಲಗಡೆಯೂ ಬಿಚ್ಚಿ ನೋಡಲೇಬೇಕು.

ಸಣ್ಣ ಪಟ್ಟಿಗಳ ಪರೀಕ್ಷೆಗೆ ದೊಡ್ಡ ಮಿಷನ್ ಬೇಡ. ಸೀಮೆಎಣ್ಣೆ, ಸೀಮೆಸುಣ್ಣ ಇದ್ದರೆ ಆಯಿತು. ಪಟ್ಟಿಯನ್ನು ವೈರ್ ಬ್ರಶ್ಶಿನಿಂದ ಚೆನ್ನಾಗಿ ಉಜ್ಜಿ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಅಂತೀರಾ, ಡೀಸೆಲ್ಲೂ ನಡೆಯುತ್ತದೆ. ಆಮೇಲೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿಯಿರಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಹೊರಗೆ ಬಂದು, ಬಿಳಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡುತ್ತದೆ. ಹಿಂದೆ ರೈಲ್ವೆಯವರು ಗಾಲಿ, ಅಚ್ಚು ಪರೀಕ್ಷೆ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೇ. ತೂತಿನ ಸುತ್ತ, ಮೇಲಿನ ಪಟ್ಟಿಗೆ ತುದಿ ತಾಗಿ ತಗ್ಗು ಬಿದ್ದ ಕಡೆ ಸರಿಯಾಗಿ ನೋಡಿ. ಪಟ್ಟಿಯನ್ನು ತಂತಿಯಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿಯೂ ನೋಡಿ. ಸಂತೆಯಲ್ಲಿ ಮಡಕೆ ತಟ್ಟಿ ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಚೆನ್ನಾಗಿರುವುದು ಗಂಟೆಯ ಹಾಗೆ ಎಳೆದು ಸದ್ದು ಕೊಡುತ್ತದೆ, ಬಿರುಕು ಬಿಟ್ಟದ್ದು 'ಬದ್' ಅನ್ನುತ್ತದೆ.

ಕೂತುಹೋದ ಹಳೆ ಪಟ್ಟಿಗೆ ಸುತ್ತಿಗೆಯಲ್ಲಿ ಬಡಿದು ಹೊಸ ಕಮಾನು ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ತಣ್ಣಗೆ ಬಡಿದದ್ದು ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತದೆ. ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ ಹಾಗೇ ಆರಲು ಬಿಟ್ಟರೆ ಹದವೇ ಹೋಯಿತು. ಕಾಯಿಸಿ, ಎಣ್ಣೆಗೆ ಹಾಕಿ, ಮತ್ತೆ ಹದ ಕೊಡುವ ವ್ಯವಸ್ಥೆ ಇರುವವರಾದರೆ ಮಾತ್ರ ಒಪ್ಪಿಕೊಳ್ಳಿ.

ಸಾಮಾನು ಎಲ್ಲಿ ಸಿಗುತ್ತದೆ? ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಆದರೂ ದೇಶದ ತುಂಬ ಇಷ್ಟೊಂದು ಗಾಡಿ ಓಡಿದ್ದರಿಂದ ಪಟ್ಟಿ, ಬುಷ್ಷಿಗೆ ಇನ್ನೂ ಕಷ್ಟವಿಲ್ಲ. ಮೊದಲು ಮೈಸೂರಿನಲ್ಲಿ ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಮುರಿದ ಪಟ್ಟಿಯ ಎರಡೂ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಗಲ, ದಪ್ಪ, ಸುರುಳಿಯ ಒಳಗಿನ ಅಳತೆ, ಮುಂದಿನ ಸುರುಳಿಯಿಂದ ನಡುವಿನ ತೂತಿನವರೆಗಿನ ಉದ್ದ, ಇವು ನಾಲ್ಕೂ ತಾಳೆಯಾಗಬೇಕು. ಕೊನೆಯದು ತಪ್ಪಿದರೆ ಆಕ್ಸಲ್ಲೇ ತಪ್ಪು ಜಾಗದಲ್ಲಿ ಕೂರುತ್ತದೆ. ಪಟ್ಟಿಗೆ ಕೆಲವರು ಕೆಜಿ ಲೆಕ್ಕದಲ್ಲಿ ಹೇಳುತ್ತಾರೆ, ಕೆಲವರು ಪೀಸ್ ಲೆಕ್ಕದಲ್ಲಿ. ಅಲ್ಲಿ ಚೌಕಾಸಿ ಮಾಡಿ. ಯು ಬೋಲ್ಟಿನಲ್ಲಿ ಮಾತ್ರ ಬೇಡ. ಕಡಿಮೆಗೆ ಸಿಗುತ್ತದೆ ಅಂತ ಮಾಮೂಲಿ ಕಂಬಿ ಬಗ್ಗಿಸಿ ಥ್ರೆಡ್ ಹಾಕಿದ್ದು ತಂದರೆ ಅದು ಬಿಗಿದಷ್ಟೂ ಎಳೆದುಕೊಳ್ಳುತ್ತದೆ, ನೀವು ಮತ್ತೆ ಶುರು ಮಾಡಿದ ಕಡೆಗೇ ಬರುತ್ತೀರಿ.

ನೀವೇ ಮಾಡಬಹುದಾ ಅಂತ ಕೇಳಿದ್ದೀರಿ. ಟ್ರ್ಯಾಕ್ಟರ್ ಕೆಲಸ ಗೊತ್ತಿದ್ದವರಿಗೆ ಇದು ದೊಡ್ಡದಲ್ಲ, ಆದರೆ ಜೊತೆಗೆ ಒಬ್ಬರಿರಲಿ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಎಡಗಡೆ ಪೂರ್ತಿ ಕೂರಿಸಿ ಆದ ಮೇಲೇ ಬಲಕ್ಕೆ ಕೈ ಹಾಕಿ. ಎರಡೂ ಬಿಚ್ಚಿದರೆ ಆಕ್ಸಲ್ ಉರುಳಾಡಿ ಅದನ್ನು ಮತ್ತೆ ಜಾಗಕ್ಕೆ ತರುವಷ್ಟರಲ್ಲಿ ಸಂಜೆಯಾಗುತ್ತದೆ. ಸ್ಟ್ಯಾಂಡು ಚಾಸಿಗೆ, ಜಾಕು ಆಕ್ಸಲ್ಲಿಗೆ. ಆಕ್ಸಲ್ಲನ್ನು ಬ್ರೇಕ್ ಹೋಸಿನ ಮೇಲೆ ನೇತಾಡಲು ಬಿಡಬೇಡಿ. ಈಗ ಎಡಗಡೆ ಇಳಿಸಿಟ್ಟಿದ್ದೀರಲ್ಲ, ಅದು ಹೇಗೆ ನಿಂತಿದೆ ಅಂತ ಈಗಲೇ ಹೋಗಿ ನೋಡಿ.

ಬಲಗಡೆಯ ಯು ಬೋಲ್ಟ್ ನಟ್ಟು ಬಿಚ್ಚಲು ಹೋರಾಡಬೇಡಿ. ಹೇಗೂ ಎಸೆಯುವುದು. ಗ್ರೈಂಡರಿನಲ್ಲಿ ಕತ್ತರಿಸಿಬಿಡಿ, ಪಟ್ಟಿಗೆ ಡಿಸ್ಕ್ ತಾಗದ ಹಾಗೆ. ಕಿಡಿ ಹಾರುವ ದಿಕ್ಕು ನೋಡಿಕೊಳ್ಳಿ, ಡೀಸೆಲ್ ಟ್ಯಾಂಕ್ ಹಿಂದೆಯೇ ಇದೆ. ಅದೇ ಕಾರಣಕ್ಕೆ ತುಕ್ಕು ಹಿಡಿದ ಪಿನ್ನಿಗೆ ಗ್ಯಾಸ್ ಬೆಂಕಿ ಹಿಡಿಯುವ ಯೋಚನೆಯೂ ಬೇಡ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ, ಬೆಳಿಗ್ಗೆ ಬಡಿಯಿರಿ.

ಸೆಟ್ ಬಿಚ್ಚುವಾಗ ಸೆಂಟರ್ ಬೋಲ್ಟನ್ನು ನೇರ ಬಿಚ್ಚಬೇಡಿ. ಪಟ್ಟಿಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ, ಬೋಲ್ಟು ಬಿಟ್ಟ ಕೂಡಲೇ ಮೇಲೆ ಹಾರುತ್ತವೆ. ವೈಸಿನಲ್ಲೋ ಗಟ್ಟಿ ಕ್ಲಾಂಪಿನಲ್ಲೋ ಹಿಡಿದು ಬೋಲ್ಟ್ ತೆಗೆದು, ಆಮೇಲೆ ಮೆಲ್ಲಗೆ ಸಡಿಲಿಸಿ. ಜೋಡಿಸುವಾಗ ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಬಳಿಯಿರಿ. ಹಳೆ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದು ರಬ್ಬರ್ ಬುಷ್ಷನ್ನು ತಿನ್ನುತ್ತದೆ, ಧೂಳನ್ನೂ ಹಿಡಿಯುತ್ತದೆ. ಪಟ್ಟಿಗಳ ಪಕ್ಕದ ಕ್ಲಿಪ್ಪುಗಳನ್ನು ಮರೆಯಬೇಡಿ. ಗಾಡಿ ಗುಂಡಿಯಿಂದ ಮೇಲೆ ಹಾರಿದಾಗ ಮೇನ್ ಪಟ್ಟಿ ಒಂದೇ ಒದ್ದಾಡದೆ ಸಣ್ಣ ಪಟ್ಟಿಗಳನ್ನೂ ಜೊತೆಗೆ ಎಳೆದುಕೊಳ್ಳಲಿ ಅಂತ ಅವನ್ನು ಹಾಕಿರುವುದು.

ಇಲ್ಲಿ ಒಂದು ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಕೂರುವ ಪ್ಯಾಡಿನ ತೂತಿನಲ್ಲಿ ಪೂರ್ತಿ ಇಳಿದು ಕೂರಬೇಕು. ಕೂದಲಷ್ಟು ಪಕ್ಕಕ್ಕೆ ಸರಿದು ಅಂಚಿನ ಮೇಲೆ ಕೂತರೂ ಯು ಬೋಲ್ಟ್ ಬಿಗಿಯಾದ ಹಾಗೇ ಅನ್ನಿಸುತ್ತದೆ. ಸ್ಪ್ಯಾನರ್ ಕೂಡ ಸುಳ್ಳು ಹೇಳುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ತಲೆ 'ಟಕ್' ಅಂತ ಒಳಗೆ ಬೀಳುತ್ತದೆ, ಬಿಗಿ ಎಲ್ಲ ಹೋಯಿತು. ನಿಮ್ಮ ಗಾಡಿಯಲ್ಲೂ ಹಿಂದೆ ಯಾರೋ ಪಟ್ಟಿ ಬಿಚ್ಚಿ ಹಾಕಿದ್ದರೆ ಸಡಿಲಕ್ಕೆ ಇದೇ ಕಾರಣ ಇರಬಹುದು. ಬೋಲ್ಟಿನ ತಲೆಗೆ, ಪ್ಯಾಡಿನ ತೂತಿಗೆ ಸ್ವಲ್ಪ ಬಣ್ಣ ಹಚ್ಚಿ ಒಮ್ಮೆ ಕೂರಿಸಿ ಎತ್ತಿ ನೋಡಿದರೆ ಎಲ್ಲಿ ತಾಗಿದೆ ಅಂತ ಗೊತ್ತಾಗುತ್ತದೆ.

ಯು ಬೋಲ್ಟಿನ ನಾಲ್ಕು ನಟ್ಟನ್ನು ಚಕ್ರದ ನಟ್ಟಿನ ಹಾಗೆ ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಕೊನೆಯಲ್ಲಿ ನಾಲ್ಕರಲ್ಲೂ ಹೊರಗೆ ಕಾಣುವ ಥ್ರೆಡ್ ಒಂದೇ ಸಮ ಇರಬೇಕು. ಸುರುಳಿ ಪಿನ್ನು, ಶ್ಯಾಕಲ್ ನಟ್ಟನ್ನು ಮಾತ್ರ ಆಗ ಪೂರ್ತಿ ಬಿಗಿಯಬೇಡಿ. ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ಹಿಂದೆ ನಾಲ್ಕು ಸಲ ಒತ್ತಿ ಕುಣಿಸಿ, ಆಮೇಲೆ ಬಿಗಿಯಿರಿ. ಗಾಡಿ ನೇತಾಡುತ್ತಿರುವಾಗ ಬಿಗಿದರೆ ಕೆಳಗಿಳಿದಾಗ ಬುಷ್ಷಿನ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಹೊರಡುವ ಮೊದಲು ಒಂದು ಅಳತೆ. ಸಮತಟ್ಟು ಸಿಮೆಂಟ್ ನೆಲದಲ್ಲಿ ಸ್ಟಿಯರಿಂಗ್ ನೇರ ಇಟ್ಟು ಗಾಡಿ ನಿಲ್ಲಿಸಿ. ಗಾರೆಯವರ ತೂಗುಗುಂಡನ್ನು ಒಂದೊಂದು ಚಕ್ರದ ನಡುಮಧ್ಯದಿಂದ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಎಡಗಡೆಯ ಮುಂದಿನ ಗುರುತಿನಿಂದ ಹಿಂದಿನದಕ್ಕೆ, ಬಲಗಡೆಯೂ ಹಾಗೇ, ಟೇಪು ಹಿಡಿಯಿರಿ. ಅಂಬಾಸಿಡರಿಗೆ ಇದು 97 ಇಂಚು, ಅಂದರೆ 2464 ಮಿ.ಮೀ. ಹತ್ತಿರ ಬರಬೇಕು. ಅದಕ್ಕಿಂತ ಮುಖ್ಯ, ಎರಡೂ ಕಡೆ ಒಂದೇ ಬರಬೇಕು. ಮೂರ್ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆ ಪರವಾಗಿಲ್ಲ. ಅರ್ಧ ಇಂಚು ಬಂದರೆ ಸೆಂಟರ್ ಬೋಲ್ಟ್ ಸರಿ ಕೂತಿಲ್ಲ, ಅಥವಾ ಚಾಸಿಯ ಬ್ರಾಕೆಟ್ಟೇ ಕೊಳೆತು ಸರಿದಿದೆ. ಬ್ರಾಕೆಟ್ ಹೋಗಿದ್ದರೆ ಅದು ತಗಡು ಕೆಲಸದವರ ಪಾಲು, ಮನೆಯಲ್ಲಿ ಆಗುವುದಲ್ಲ.

ಆ ದಿನ ಆಕ್ಸಲ್ ಹಿಂದೆ ಮುಂದೆ ಓಡಾಡಿದೆ. ಹಾಗಾಗಿ ಬ್ರೇಕ್ ಪೈಪು, ಹೋಸು, ಹ್ಯಾಂಡ್ ಬ್ರೇಕ್ ಕೇಬಲ್ಲು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಬೋಲ್ಟು ಒಂದೊಂದಾಗಿ ಕೈ ಹಾಕಿ ನೋಡಿ. ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಜೋಡಿಯಾಗಿ ಬದಲಾಯಿಸಿ. ಅದು ಸತ್ತಿದ್ದರೆ ಒಂದು ಗುಂಡಿಗೆ ಪಟ್ಟಿ ಒಂದು ಸಲ ಬಗ್ಗುವ ಬದಲು ನಾಲ್ಕು ಸಲ ಬಗ್ಗುತ್ತದೆ. ನೂರು ಕಿಲೋಮೀಟರಿಗೆ ಒಂದು ಸಲ, ಐನೂರಕ್ಕೆ ಇನ್ನೊಂದು ಸಲ ಯು ಬೋಲ್ಟಿಗೆ ಸ್ಪ್ಯಾನರ್ ಇಡಿ. ಹೊಸ ಬೋಲ್ಟು ಸ್ವಲ್ಪ ಎಳೆದುಕೊಂಡೇ ತೀರುತ್ತದೆ. ಆ ಐನೂರು ಮುಗಿಸಿಕೊಂಡೇ ಆರ್‌ಟಿಒಗೆ ಹೋಗಿ. ಒಂದು ಪಕ್ಕ ಕೂತ ಗಾಡಿಯನ್ನು ಅಲ್ಲಿ ತೋರಿಸಿ ಬೈಸಿಕೊಳ್ಳುವುದು ಯಾಕೆ.

ಹಳೆ ಯು ಬೋಲ್ಟುಗಳನ್ನು, ಗ್ರೈಂಡರಿಗೆ ಸಿಗದೆ ಉಳಿದವನ್ನೂ, ಎರಡು ತುಂಡು ಮಾಡಿ ಗುಜರಿಗೆ ಹಾಕಿ. ಚೆನ್ನಾಗಿದೆಯಲ್ಲ ಅಂತ ಯಾರಾದರೂ ಎತ್ತಿಟ್ಟು ಇನ್ನೊಂದು ಗಾಡಿಗೆ ಹಾಕಿಬಿಡುತ್ತಾರೆ. ಮುರಿದ ಪಟ್ಟಿಯನ್ನು ಮಾತ್ರ ಗುಜರಿಗೆ ಕೊಡಬೇಡಿ. ಬಿರುಕಿನ ತುದಿ ಕತ್ತರಿಸಿ ಕಮ್ಮಾರರಿಗೆ ಕೊಟ್ಟರೆ ಒಳ್ಳೆಯ ಎರಡು ಕುಡುಗೋಲಾಗುತ್ತದೆ.